ಕಿಟಕಿಯಲ್ಲಿ ಹಳದಿಯಾದ ಸೀಸೆ

ಮೂವತ್ತು ವರ್ಷ ಎಂದಿರೋ, ಮೂವತ್ತೈದು ಎಂದಿರೋ, ಈಗ ಸರಿಯಾಗಿ ನೆನಪಿಲ್ಲ, ಮಾನ್ಯರೇ. ಅಷ್ಟು ಕಾಲ ಯಾರೂ ಕೇಳದೆ ಬಿದ್ದಿದ್ದ ಸೀಸೆಯನ್ನು ಇವತ್ತು ಕೇಳಿಕೊಂಡು ಬರುವಂಥದ್ದು ಏನಾಯಿತು ಎಂಬುದು ನಿಮ್ಮ ಪ್ರಶ್ನೆಯ ತಿರುಳಾಗಿತ್ತು. ನಿಮ್ಮ ಕೋಣೆಯಲ್ಲಿ ನನಗೆ ಸಿಕ್ಕಿದ್ದು ಒಂಬತ್ತು ನಿಮಿಷ. ಅದರಲ್ಲಿ ನಾಲ್ಕು ನಿಮಿಷ ನೀವು ಫೋನಿನಲ್ಲಿದ್ದಿರಿ. ಉಳಿದ ಐದರಲ್ಲಿ ಹೇಳಿ ಮುಗಿಸುವ ಉತ್ತರ ನನ್ನ ಬಳಿ ಇರಲಿಲ್ಲ. ಉತ್ತರ ಉದ್ದವಾಗಿದೆ, ಮತ್ತು ಅದರಲ್ಲಿ ನನಗೆ ಗೌರವ ತರುವಂಥದ್ದು ಹೆಚ್ಚೇನೂ ಇಲ್ಲ. ಆದ್ದರಿಂದ ಅದನ್ನು ಪತ್ರಿಕೆಯಲ್ಲಿ, ಎಲ್ಲರೂ ಓದುವ ಹಾಗೆ ಬರೆಯುವುದೇ ಸರಿ ಅನ್ನಿಸಿತು.

ದೂರನ್ನು ಮೊದಲು ಹೇಳಿಬಿಡುತ್ತೇನೆ. ಬಿಷ್ಕೆಕ್‌ನ ಅಂಚಿನಲ್ಲಿರುವ, ನೀವು ಅಧ್ಯಕ್ಷರಾಗಿರುವ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಸಮಿತಿಯ ಉಗ್ರಾಣದಲ್ಲಿ ನಮ್ಮ ರಸಾಯನ ಸಂಸ್ಥೆಯಿಂದ ಬಂದ ನಾಲ್ಕು ಮರದ ಪೆಟ್ಟಿಗೆಗಳಿವೆ. ಎರಡನೆಯದರಲ್ಲಿ ಒಂದು ಮಿಠಾಯಿ ಡಬ್ಬಿ, ಡಬ್ಬಿಯೊಳಗೆ ಹೆಬ್ಬೆರಳಿನಷ್ಟುದ್ದದ ಒಂದು ಸೀಸೆ, ಅದರ ಬಾಯಿಗೆ ಮೇಣ, ಮೈಮೇಲೆ ಪದಾರ್ಥದ ಹೆಸರೂ ಇನ್ನೂರ ಹದಿನೇಳು ಎಂಬ ಅಂಕಿಯೂ ಇರುವ ಚೀಟಿ. ಅದರಲ್ಲಿರುವ ಒಂದು ಚಿಟಿಕೆ ಹಳದಿ ಪುಡಿ, ನನಗೆ ತಿಳಿದ ಮಟ್ಟಿಗೆ, ಎಚ್‌ಐವಿ ವೈರಸ್ ನಮ್ಮ ಜೀವಕೋಶದೊಳಗೆ ಕೂತು ತನ್ನ ನಕಲು ಮಾಡಿಕೊಳ್ಳುವುದನ್ನು ತಡೆಯುತ್ತದೆ. ಆ ಪುಡಿ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಏಪ್ರಿಲ್ ಇಪ್ಪತ್ತೆರಡರಂದು ನೀವು ಅದನ್ನು ಸಿಮೆಂಟ್ ಕಾರ್ಖಾನೆಯ ಉರಿಯುವ ಗೂಡಿಗೆ ಹಾಕಿ ಸುಡಲಿದ್ದೀರಿ. ಒಂದು ವರ್ಷಕ್ಕೂ ಮೇಲಾಯಿತು, ನಾನು ಅದನ್ನು ವಾಪಸ್ ಕೇಳುತ್ತಿದ್ದೇನೆ. ಆರು ಅರ್ಜಿಗಳು, ಆರು ತಿರಸ್ಕಾರಗಳು. ತಿರಸ್ಕಾರಗಳ ಭಾಷೆ ಬಹಳ ಸಭ್ಯವಾಗಿದೆ, ಅದನ್ನು ಒಪ್ಪಿಕೊಳ್ಳಬೇಕು.

ಸೀಸೆಯನ್ನು ತುಂಬಿಸಿದವರು ಎಲ್ಸಾ ಹೈನ್ರಿಖೊವ್ನಾ ವಾರ್ಕೆಂಟಿನ್. ತಲಾಸ್ ಕಣಿವೆಯ ಜರ್ಮನ್ ಹಳ್ಳಿಯೊಂದರಲ್ಲಿ ಹುಟ್ಟಿ, ನಮ್ಮ ಸಂಸ್ಥೆಯ ಮೂರನೆಯ ಮಹಡಿಯಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವರು. ನಾನು ಅವರ ಕೊನೆಯ ವಿದ್ಯಾರ್ಥಿ. ಅಡ್ರಾಶ್ಮಾನ್ ಎಂಬ ಕಾಡುಗಿಡದ ಬೀಜದಿಂದ ಒಂದು ಅಣುವನ್ನು ಬೇರ್ಪಡಿಸಿ, ಅದಕ್ಕೆ ಒಮ್ಮೆ ಈ ಮಗ್ಗುಲಲ್ಲಿ, ಒಮ್ಮೆ ಆ ಮಗ್ಗುಲಲ್ಲಿ ಒಂದು ರೆಂಬೆ ಕೂಡಿಸಿ, ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಬೇರೆಯಾದ ನಾನೂರ ಹನ್ನೆರಡು ಪದಾರ್ಥಗಳನ್ನು ಅವರು ಮಾಡಿಟ್ಟರು. ಇವೆಲ್ಲ ಯಾವುದಕ್ಕೆ ಎಂದು ನಾನು ಒಮ್ಮೆ ಕೇಳಿದ್ದೆ. ಇಪ್ಪತ್ತರ ವಯಸ್ಸಿನಲ್ಲಿ ಕೇಳುವ ಪ್ರಶ್ನೆ.

“ಅದು ನನ್ನ ಕೆಲಸ ಅಲ್ಲ ಮಗು,” ಎಂದರು. “ನಾನು ಮಾಡಿ ಇಡ್ತೀನಿ. ಕೇಳೋರು ಬರ್ತಾರೆ, ಬರದೇನೂ ಇರಬಹುದು. ಬಂದಾಗ ಡಬ್ಬಿ ಖಾಲಿ ಇರಬಾರದು, ಅಷ್ಟೆ.”

ಒಂದು ವಿಷಯದಲ್ಲಿ ಮಾತ್ರ ಅವರಿಗೆ ಕರುಣೆ ಇರಲಿಲ್ಲ. ಹರಳು ಬೆಳ್ಳಗಿರಬೇಕು. ನಾನು ಮೊದಲ ಸಲ ಮಾಡಿದ ಹರಳಿಗೆ ಕೆನೆಯಂಥ ಛಾಯೆ ಇತ್ತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ತೊಟ್ಟಿಗೆ ಸುರಿದರು. ಆಮೇಲೆ ಕೈ ಒರೆಸಿಕೊಳ್ಳುತ್ತ, “ಅದು ಪದಾರ್ಥ ಅಲ್ಲ, ನಿನ್ನ ಅವಸರ,” ಎಂದರು. ಇಪ್ಪತ್ತು ದಿನದ ಕೆಲಸ ತೊಟ್ಟಿಯಲ್ಲಿ ಹರಿದುಹೋಗಿತ್ತು. ಅಂದಿನಿಂದ ಬಣ್ಣ ಎಂದರೆ ನನಗೆ ಕೊಳೆ. ಮನುಷ್ಯ ಇಪ್ಪತ್ತರಲ್ಲಿ ಕಲಿತದ್ದನ್ನು ಐವತ್ತರವರೆಗೆ ಮರುವಿಚಾರಿಸುವುದಿಲ್ಲ. ನಾನಂತೂ ವಿಚಾರಿಸಲಿಲ್ಲ.

ತೊಂಬತ್ತಮೂರರಲ್ಲಿ ಅವರ ಜನವೆಲ್ಲ ಜರ್ಮನಿಗೆ ಹೊರಟಾಗ ಅವರೂ ಗಂಡನೊಂದಿಗೆ ಹೊರಟರು. ಬೀರುವಿನ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಬೀರುವಿನಲ್ಲಿ ಮಿಠಾಯಿ ಡಬ್ಬಿಗಳ ಸಾಲು, ಡಬ್ಬಿಗಳಲ್ಲಿ ನಾನೂರ ಹನ್ನೊಂದು ಸೀಸೆಗಳು. ನಾನೂರ ಹನ್ನೆರಡನೆಯದು ದಕ್ಷಿಣದ ಕಿಟಕಿಯ ಹಲಗೆಯ ಮೇಲೆ ಇತ್ತು. ಅದೇ ಇನ್ನೂರ ಹದಿನೇಳು. ಹೋಗುವ ಗಡಿಬಿಡಿಯಲ್ಲಿ ಮರೆತಿದ್ದಾರೆ ಎಂದುಕೊಂಡೆ. ತೆಗೆದು ಒಳಗಿಡಬಹುದಿತ್ತು. ಅವರು ಇಟ್ಟದ್ದು ಅವರು ಇಟ್ಟಲ್ಲೇ ಇರಲಿ ಎಂಬ ಒಂದು ಮೂರ್ಖ ಭಾವನೆಯಿಂದ ಬಿಟ್ಟೆ. ಆ ಸೀಸೆ ಇಪ್ಪತ್ತಾರು ಬೇಸಿಗೆಗಳ ಬಿಸಿಲನ್ನೂ, ಅಷ್ಟೇ ಚಳಿಗಾಲಗಳ ಕಲ್ಲಿದ್ದಲ ಹೊಗೆಯನ್ನೂ ಕಂಡಿತು. ವಿದ್ಯುತ್ ಹೋಗಿ ಕೊಠಡಿ ಹೆಪ್ಪುಗಟ್ಟಿದ ವರ್ಷಗಳಿದ್ದವು. ನಾವು ಕೋಟು ಹಾಕಿಕೊಂಡೇ ಬರೆಯುತ್ತಿದ್ದೆವು. ಸೀಸೆ ಅಲ್ಲೇ ಇತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಕೇಳುವವರು ಬಂದದ್ದು ಇಪ್ಪತ್ತಾರನೆಯ ವರ್ಷದಲ್ಲಿ. ಹೊರದೇಶದ ಒಂದು ವೈರಸ್ ಪ್ರಯೋಗಾಲಯದವರು, ನಿಮ್ಮಲ್ಲಿ ಹಳೆಯ ಪದಾರ್ಥಗಳ ಸಂಗ್ರಹ ಇದೆಯಂತೆ, ಕೆಲವನ್ನು ಕಳಿಸಿಕೊಡಿ, ಎಂದು ಬರೆದರು. ಅವರ ವಿಧಾನ ಸರಳ. ಒಂದು ತಟ್ಟೆಯ ಸಣ್ಣ ಸಣ್ಣ ಕುಳಿಗಳಲ್ಲಿ ಮನುಷ್ಯರ ಜೀವಕೋಶಗಳನ್ನು ಬೆಳೆಸುತ್ತಾರೆ, ವೈರಸ್ ಹಾಕುತ್ತಾರೆ, ಕುಳಿಗೊಂದರಂತೆ ಪದಾರ್ಥ ಹಾಕುತ್ತಾರೆ, ಕಾಯುತ್ತಾರೆ. ಸಾವಿರ ಕುಳಿಗಳಲ್ಲಿ ಒಂಬೈನೂರ ತೊಂಬತ್ತೊಂಬತ್ತರಲ್ಲಿ ಒಂದೋ ವೈರಸ್ ಗೆಲ್ಲುತ್ತದೆ, ಇಲ್ಲವೇ ಪದಾರ್ಥವೇ ವಿಷವಾಗಿ ಜೀವಕೋಶವನ್ನು ಕೊಲ್ಲುತ್ತದೆ. ಎಲ್ಲೋ ಒಂದು ಕುಳಿಯಲ್ಲಿ ಜೀವಕೋಶ ಬದುಕಿ, ವೈರಸ್ ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಇಂಥ ಕೆಲಸ ಮಾಡುವವರು ಜೀವಮಾನವೆಲ್ಲ ಆ ಒಂದು ಕುಳಿಯನ್ನು ಹುಡುಕುತ್ತಾರೆ.

ನಾನು ಅರವತ್ತು ಪದಾರ್ಥಗಳನ್ನು ಆರಿಸಿ, ಪ್ರತಿಯೊಂದರಿಂದಲೂ ಅಕ್ಕಿಕಾಳಿನ ತುದಿಯಷ್ಟು ಕೆರೆದು ಕಳಿಸಿದೆ. ಇನ್ನೂರ ಹದಿನೇಳನ್ನು ಸೇರಿಸಿದ್ದು ಅದು ಕೈಗೆ ಹತ್ತಿರವಿತ್ತು ಎಂಬ ಕಾರಣಕ್ಕೆ. ಕಳಿಸುವ ಮುನ್ನ ನಿಯಮದಂತೆ ಪ್ರತಿಯೊಂದನ್ನೂ, ಬೆರೆತದ್ದನ್ನು ಬೇರೆ ಬೇರೆ ಚುಕ್ಕೆಗಳಾಗಿ ಬಿಡಿಸಿ ತೋರಿಸುವ ಪರೀಕ್ಷೆಯ ಪಟ್ಟಿಯ ಮೇಲೆ ಓಡಿಸಿ ನೋಡಿದೆ. ಇನ್ನೂರ ಹದಿನೇಳರಲ್ಲಿ ಒಂದು ದೊಡ್ಡ ಚುಕ್ಕೆ ಕಂಡಿತು, ಅದರ ಕೆಳಗೆ ಮಸುಕಾದ ಇನ್ನೊಂದು ಚುಕ್ಕೆ. ದೊಡ್ಡದರ ಎದುರು ಪದಾರ್ಥದ ಹೆಸರು ಬರೆದೆ. ಸಣ್ಣದರ ಎದುರು “ಕಲ್ಮಶ, ಶೇಕಡ ಮೂರಕ್ಕಿಂತ ಕಡಿಮೆ” ಎಂದು ಬರೆದೆ. ಆ ಪುಟ ಈಗಲೂ ನನ್ನ ಬಳಿ ಇದೆ. ಕೈಬರಹ ಬಹಳ ನಿಶ್ಚಿಂತವಾಗಿದೆ.

ಐದು ತಿಂಗಳ ಮೇಲೆ ಉತ್ತರ ಬಂತು. ಐವತ್ತೊಂಬತ್ತು ನಿಷ್ಪ್ರಯೋಜಕ. ಇನ್ನೂರ ಹದಿನೇಳು ವೈರಸ್ಸನ್ನು ನಿಲ್ಲಿಸಿದೆ, ಜೀವಕೋಶವನ್ನು ಮುಟ್ಟಿಲ್ಲ. ಅಷ್ಟೇ ಅಲ್ಲ, ಈಗ ಕೊಡುವ ಎರಡು ಬಗೆಯ ಮಾತ್ರೆಗಳಿಗೂ ಜಗ್ಗದಂತಾದ ವೈರಸ್ಸಿನ ಮೇಲೂ ಅವರು ಅದನ್ನು ಪ್ರಯೋಗಿಸಿದ್ದರು. ಅದೂ ನಿಂತಿತ್ತು. ಈ ವೈರಸ್ ಒಳ್ಳೆಯ ನಕಲುಗಾರನಲ್ಲ, ಮಾನ್ಯರೇ. ಬರೆಯುವಾಗ ತಪ್ಪು ಮಾಡುತ್ತಲೇ ಇರುತ್ತದೆ, ಆ ತಪ್ಪುಗಳಲ್ಲಿ ಒಂದು ಮಾತ್ರೆಯಿಂದ ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ. ತಪ್ಪಿನಿಂದ ಬದುಕುವ ಜೀವಿ ಅದು. ಅದನ್ನು ಹೊಸ ಜಾಗದಲ್ಲಿ ಹಿಡಿಯುವ ಅಣು ಸಿಕ್ಕರೆ, ಮಾತ್ರೆಗಳ ದಾರಿಯೆಲ್ಲ ಮುಗಿದ ರೋಗಿಗಳಿಗೆ ಇನ್ನೊಂದು ಬಾಗಿಲು ಸಿಕ್ಕ ಹಾಗೆ. ಇನ್ನಷ್ಟು ಕಳಿಸಿ, ಎಂದು ಅವರು ಬರೆದರು.

ಆಗ ನಾನು ಮಾಡಿದ್ದನ್ನು ನನ್ನ ಕಸುಬಿನವರು ಮಾತ್ರ ಮಾಡಬಲ್ಲರು. ಹಳೆಯ ಸೀಸೆಯಲ್ಲಿ ಉಳಿದಿದ್ದು ಚಿಟಿಕೆಯಷ್ಟು. ಅದನ್ನು ಯಾಕೆ ಖರ್ಚು ಮಾಡಲಿ ಎಂದು, ಎಲ್ಸಾ ಹೈನ್ರಿಖೊವ್ನಾ ಅವರ ಟಿಪ್ಪಣಿ ಪುಸ್ತಕ ತೆರೆದು, ಅವರು ಬರೆದಂತೆಯೇ ಹೊಸದಾಗಿ ಮಾಡಿದೆ. ಎರಡು ತಿಂಗಳು ಹಿಡಿಯಿತು. ಹಿಮದಂಥ ಹರಳು ಬಂತು, ಪಟ್ಟಿಯ ಮೇಲೆ ಒಂದೇ ಒಂದು ಚುಕ್ಕೆ. ಅಂಥ ಶುದ್ಧವಾದದ್ದನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ. ಅವರು ಇದ್ದಿದ್ದರೆ ತೊಟ್ಟಿಗೆ ಸುರಿಯುತ್ತಿರಲಿಲ್ಲ ಎಂದುಕೊಂಡೇ ಕಳಿಸಿದೆ.

ಅದು ಏನನ್ನೂ ತಡೆಯಲಿಲ್ಲ. ಎರಡನೆಯ ಸಲ ಮಾಡಿ ಕಳಿಸಿದೆ, ಮೂರನೆಯ ಸಲ ಕಳಿಸಿದೆ. ವೈರಸ್ ಹಾಯಾಗಿ ನಕಲು ಮಾಡಿಕೊಂಡಿತು. ಆ ಪ್ರಯೋಗಾಲಯದವರು ಬಹಳ ನಯವಾಗಿ, ಮೊದಲ ಅಳತೆಯೇ ತಪ್ಪಿರಬೇಕು, ಹೀಗಾಗುವುದುಂಟು, ಎಂದು ಬರೆದು ಕಡತ ಮುಚ್ಚಿದರು. ಮೊದಲ ಸಲದ ಅಕ್ಕಿಕಾಳಿನಲ್ಲಿ ಉಳಿದಿದ್ದನ್ನು ಅವರ ನಿಯಮದಂತೆ ಆಗಲೇ ಎಸೆದಿದ್ದರು. ನನಗೂ ಒಂದು ಬಗೆಯ ನಿರಾಳವಾಯಿತು ಎಂದು ಹೇಳಬೇಕು. ಏನೂ ಸಿಕ್ಕಿಲ್ಲ ಎಂಬ ಸುದ್ದಿಯೊಂದಿಗೆ ಬದುಕುವುದು ನಮ್ಮಂಥವರಿಗೆ ಅಭ್ಯಾಸವಾಗಿದೆ.

ಆ ವರ್ಷದ ನವೆಂಬರಿನಲ್ಲಿ ಸಂಸ್ಥೆ ಹೊಸ ಕಟ್ಟಡಕ್ಕೆ ಹೋಯಿತು. ಸಾಗಿಸುವಾಗ ಒಪ್ಪವಾಗಿರಲಿ ಎಂದು ಕಿಟಕಿಯ ಸೀಸೆಯನ್ನು ನಾನೇ ತೆಗೆದು, ನಾನೇ ಒರೆಸಿ, ಅದರ ಡಬ್ಬಿಯಲ್ಲಿ ಅದರ ಸ್ಥಾನದಲ್ಲಿ ಇಟ್ಟೆ. ಹೊಸ ಕಟ್ಟಡದಲ್ಲಿ ಜಾಗ ಕಡಿಮೆ. ಅವಧಿ ಮೀರಿದ ರಾಸಾಯನಿಕಗಳನ್ನು ದಾಸ್ತಾನಿನ ಪಟ್ಟಿಯಿಂದ ತೆಗೆದುಹಾಕಲು ಮೂವರ ಆಯೋಗ ರಚನೆಯಾಯಿತು. ನಮ್ಮಲ್ಲಿ ಇಂಥ ಆಯೋಗಗಳು ಹೇಗೆ ಸಭೆ ಸೇರುತ್ತವೆ ಎಂದು ನಿಮಗೆ ಹೇಳಬೇಕಾಗಿಲ್ಲ. ನೀವೂ ಕೆಳಗಿನಿಂದಲೇ ಮೇಲೆ ಬಂದವರು. ಗ್ರಂಥಾಲಯದಲ್ಲಿ ಎಲ್ಲರಿಗೂ ಅಕ್ಕನಾದ ಬರ್ಮೆತ್ ಎಜೆಗೆ ಅರವತ್ತು ತುಂಬಿದ ದಿನ. ಮೇಜಿನ ತುಂಬ ಎಣ್ಣೆಯಲ್ಲಿ ಕರಿದ ಬಿಸಿ ಬೋರ್ಸೋಕ್, ಜಾಮು, ಚಹಾ. ಯಾರದೋ ಹಾರೈಕೆಯ ಮಾತು ಅರ್ಧಕ್ಕೆ ಬಂದಾಗ ಉಗ್ರಾಣದವನು ಕಾಗದ ಹಿಡಿದು ಬಂದ. ಮೊದಲನೆಯವರು ಉಳಿದಿಬ್ಬರು ಓದುತ್ತಾರೆ ಎಂದು ಸಹಿ ಮಾಡಿದರು. ಎರಡನೆಯವರು ಮೊದಲನೆಯವರು ಓದಿದ್ದಾರೆ ಎಂದು ಮಾಡಿದರು. ಮೂರನೆಯವರು ಈಗಾಗಲೇ ಎರಡು ಸಹಿಗಳಿವೆ ಎಂದು ಮಾಡಿದರು. “ಅವಧಿ ಮೀರಿದ ರಾಸಾಯನಿಕ, ನಾಲ್ಕು ಪೆಟ್ಟಿಗೆ” ಎಂದಷ್ಟೇ ಅದರಲ್ಲಿತ್ತು; ಬೀರುವಿನ ಮಿಠಾಯಿ ಡಬ್ಬಿಗಳೂ ಆ ಪೆಟ್ಟಿಗೆಗಳಲ್ಲಿವೆ ಎಂದು ಇರಲಿಲ್ಲ. ಕಾಗದದ ಮೂಲೆಯಲ್ಲಿ ಜಾಮಿನ ಕಲೆ ಇದೆ. ನಿಮ್ಮ ಕಡತದಲ್ಲಿ ಈಗಲೂ ನೋಡಬಹುದು. ಮೂರನೆಯ ಸಹಿ ನನ್ನದು.

ಆದ್ದರಿಂದ ನಿಮ್ಮ ಮೇಲೆ ಕೈ ತೋರಿಸುವಾಗ ನನ್ನ ಕೈಯ ಇತರ ಬೆರಳುಗಳು ಯಾವ ಕಡೆ ಮಡಚಿವೆ ಎಂಬುದು ನನಗೆ ಗೊತ್ತಿದೆ. ನೀವು ನನ್ನ ಅರ್ಜಿಗಳಿಗೆ ಪ್ರತಿ ಸಲವೂ ಅದೇ ಸಹಿಯನ್ನು ತೋರಿಸಿ ಉತ್ತರಿಸಿದ್ದೀರಿ. ನ್ಯಾಯವಾಗಿಯೇ ಇದೆ. ಆದರೆ ಮನುಷ್ಯನ ಒಂದು ತಪ್ಪಿಗೆ ಅಷ್ಟು ನಿಷ್ಠೆಯಿಂದ ನಡೆದುಕೊಳ್ಳುವ ಕಚೇರಿ, ಆ ಮನುಷ್ಯ ತಿದ್ದಿಕೊಳ್ಳಲು ಬಂದಾಗ ಮಾತ್ರ ಅವನ ಗುರುತೇ ಇಲ್ಲದಂತೆ ಏಕೆ ವರ್ತಿಸುತ್ತದೆ?

ನನ್ನ ಕಣ್ಣು ತೆರೆಸಿದವಳು ಮೇರಿಮ್. ನಮ್ಮ ಪ್ರಯೋಗಾಲಯದಲ್ಲಿ ಗಾಜು ತೊಳೆಯುವವಳು. ಹನ್ನೆರಡು ವರ್ಷದಿಂದ ಇದ್ದಾಳೆ. ಆಕೆಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಬದಲಿಸಬೇಡಿ ಎಂದೂ ಅವಳೇ ಹೇಳಿದಳು. ಅವಳ ಗಂಡ ದುಡಿಯಲು ರಷ್ಯಾಕ್ಕೆ ಹೋಗಿದ್ದವನು ಕಾಯಿಲೆಯೊಂದಿಗೆ ಮರಳಿದ. ಅವನು ತೀರಿಕೊಂಡ. ಅವಳಿಗೆ ವೈರಸ್ ಉಳಿಯಿತು. ಮೊದಲ ಮಾತ್ರೆಗಳು ಐದು ವರ್ಷ ಕೆಲಸ ಮಾಡಿದವು. ನಡುವೆ ಒಂದು ಚಳಿಗಾಲ ಚಿಕಿತ್ಸಾ ಕೇಂದ್ರದಲ್ಲಿ ಮಾತ್ರೆ ತಡವಾಗಿ ಬಂತು. ವೈರಸ್‌ಗೆ ಅಷ್ಟು ಬಿಡುವು ಸಾಕಾಯಿತು. ಎರಡನೆಯ ಬಗೆಯ ಮಾತ್ರೆಗಳೂ ಆಮೇಲೆ ಕೆಲಸ ನಿಲ್ಲಿಸಿದವು. ಈಗ ಮೂರನೆಯದು ನಡೆಯುತ್ತಿದೆ. ನಾಲ್ಕನೆಯದರ ಬಗ್ಗೆ ಕೇಳಿದಾಗ ವೈದ್ಯೆ ಕಿಟಕಿಯ ಕಡೆ ನೋಡಿದರಂತೆ.

ಅವಳಿಗೆ ಈ ಕಾಯಿಲೆ ಇದೆ ಎಂದು ನನಗೆ ಬಹಳ ಕಾಲ ತಿಳಿದಿರಲಿಲ್ಲ. ಅವಳು ಹೇಳಿರಲಿಲ್ಲ, ಹೇಳಿದ್ದರೆ ಚಹಾದ ಬಟ್ಟಲುಗಳನ್ನು ಬೇರೆ ಇಡುವವರು ನಮ್ಮಲ್ಲಿಯೂ ಇದ್ದರು, ಕೆಲವರು ಡಾಕ್ಟರೇಟ್ ಪಡೆದವರು.

ಹೊಸ ಕಟ್ಟಡಕ್ಕೆ ಬಂದ ಮೇಲಿನ ಜನವರಿಯಲ್ಲಿ ನಾನು ಉಳಿದಿದ್ದ ಬಿಳಿ ಹರಳನ್ನು ತೂಗುತ್ತಿದ್ದೆ. ಅವಳು ಒದ್ದೆ ಕೈಯಲ್ಲಿ ಬಾಗಿಲ ಬಳಿ ನಿಂತು ನೋಡಿದಳು. ಅದು ಯಾವುದು ಎಂದು ಕೇಳಿದಳು. ಇನ್ನೂರ ಹದಿನೇಳು, ಕಿಟಕಿಯಲ್ಲಿತ್ತಲ್ಲ, ಅದೇ, ಎಂದೆ.

“ಅಲ್ಲ ಬಾಯ್ಕೆ,” ಎಂದಳು, ಅಣ್ಣ ಎಂದು ಕರೆಯುವ ಸಲಿಗೆಯಲ್ಲಿ. “ಅದು ಹಳದಿ ಇತ್ತಲ್ಲ.”

ಹಳತಾಗಿ ಕೊಳೆ ಹಿಡಿದಿತ್ತು, ಇದು ಶುದ್ಧವಾದದ್ದು, ಎಂದು ವಿವರಿಸಿದೆ. ಅವಳು ಒಪ್ಪಲಿಲ್ಲ.

“ಕೊಳೆ ನನಗೆ ಗೊತ್ತಿಲ್ವಾ? ಹನ್ನೊಂದು ವರ್ಷದಿಂದ ತೊಳೀತಿರೋದು ಅದನ್ನೇ. ಕೊಳೆ ಮೇಲೆ ಕೂರುತ್ತೆ. ಅದು ಒಳಗಿಂದ ಹಳದಿ ಆಗಿತ್ತು. ಮೊದಲು ಬಿಸಿಲಿನ ಕಡೆ ಮಾತ್ರ ಆಗ್ತಿತ್ತು, ಅದಕ್ಕೆ ಧೂಳು ಒರೆಸುವಾಗೆಲ್ಲ ತಿರುಗಿಸಿ ಇಡ್ತಿದ್ದೆ. ನನಗಿಂತ ಮುಂಚೆ ಇದ್ದ ಅಜ್ಜೀನೂ ಹಾಗೇ ಮಾಡ್ತಿದ್ರಂತೆ.”

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ದನಿ ಸ್ವಲ್ಪ ಏರಿತ್ತೇನೋ.

“ಯಾರು ಕೇಳಿದ್ರು ನನ್ನ?” ಎಂದಳು.

ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಕಚೇರಿಗೆ ಇದು ಇನ್ನೂ ಅರ್ಥವಾಗಿಲ್ಲ. ಇಪ್ಪತ್ತಾರು ವರ್ಷ ಕಿಟಕಿಯಲ್ಲಿದ್ದು, ವಾರಕ್ಕೊಮ್ಮೆ ಗಾಜು ತೊಳೆಯುವವರ ಕೈಯಲ್ಲಿ ಸುತ್ತು ತಿರುಗಿದ ಆ ಸೀಸೆಯಲ್ಲಿ ಪದಾರ್ಥದ ಸ್ವಲ್ಪ ಭಾಗ ಬೇರೆಯೇ ಆಗಿ ಬದಲಾಗಿದೆ. ಬೀರುವಿನ ಕತ್ತಲೆಯಲ್ಲಿದ್ದ ನಾನೂರ ಹನ್ನೊಂದರಲ್ಲಿ ಹಾಗಾಗಲಿಲ್ಲ. ವೈರಸ್ಸನ್ನು ತಡೆದದ್ದು ಚೀಟಿಯ ಮೇಲೆ ಹೆಸರಿದ್ದ ದೊಡ್ಡ ಚುಕ್ಕೆಯಲ್ಲ. ನಾನು ಕಲ್ಮಶ ಎಂದು ಬರೆದ ಸಣ್ಣ ಚುಕ್ಕೆ. ಹೊಸದಾಗಿ ಮಾಡಿದಾಗ ನಾನು ಬಹಳ ಶ್ರದ್ಧೆಯಿಂದ ಔಷಧವನ್ನೇ ತೊಳೆದುಹಾಕಿದ್ದೆ, ಇಲ್ಲದ ಔಷಧವನ್ನು ಅಂಚೆಯಲ್ಲಿ ಕಳಿಸಿದ್ದೆ, ಮೂರು ಸಲ.

ಹಾಗಾದರೆ ಇನ್ನೊಂದು ಸೀಸೆಯನ್ನು ಬಿಸಿಲಿಗಿಡಿ ಎಂದು ನಿಮ್ಮ ಉಪಕಾರ್ಯದರ್ಶಿ ಸಲಹೆ ಕೊಟ್ಟರು. ಇಟ್ಟಿದ್ದೇವೆ. ಅದು ಇನ್ನೂ ಬಿಳಿಯಾಗಿಯೇ ಇದೆ. ಅವಸರದ ದಾರಿಯೆಂದು ತೀಕ್ಷ್ಣ ದೀಪದ ಕೆಳಗೂ ಇಟ್ಟು ನೋಡಿದೆ. ಹನ್ನೊಂದು ಬಗೆಯ ಚುಕ್ಕೆಗಳು ಬಂದವು, ಆ ಸಣ್ಣ ಚುಕ್ಕೆ ನಿಂತಿದ್ದ ಎತ್ತರದಲ್ಲಿ ಒಂದೂ ಇಲ್ಲ. ಬಿಸಿಲು, ಚಳಿ, ಮೇಣದ ಸಂದಿಯಿಂದ ನುಸುಳಿದ ಗಾಳಿ, ಹೊಗೆ, ಹಳೆಯ ಗಾಜು, ಕಾಲ. ಇವುಗಳಲ್ಲಿ ಯಾವುದು ಎಷ್ಟು ಬೇಕಾಯಿತು ಎಂದು ನನಗೆ ಗೊತ್ತಿಲ್ಲ. ಆ ಚಿಟಿಕೆ ಪುಡಿ ಸಿಕ್ಕರೆ ಸಣ್ಣ ಚುಕ್ಕೆಯನ್ನು ಬೇರ್ಪಡಿಸಿ ಅದರ ರಚನೆ ಓದಬಹುದು. ಒಮ್ಮೆ ಓದಿದರೆ ಯಾರು ಬೇಕಾದರೂ, ಎಲ್ಲಿ ಬೇಕಾದರೂ, ಮತ್ತೆ ಮತ್ತೆ ಮಾಡಬಹುದು. ಸುಟ್ಟರೆ, ಇನ್ನು ಇಪ್ಪತ್ತಾರು ವರ್ಷ ಕಾಯಬೇಕು, ಆಗಲೂ ಅದೇ ಬರುತ್ತದೆ ಎಂಬ ಭರವಸೆ ಇಲ್ಲ.

ನನ್ನ ಅರ್ಜಿಗಳು ಸತ್ತದ್ದು ನಿಮ್ಮ ನಮೂನೆಯ ನಾಲ್ಕನೆಯ ಅಂಕಣದಲ್ಲಿ. “ವಾಪಸ್ ಕೋರುವ ಪದಾರ್ಥದ ಹೆಸರು ಮತ್ತು ಸೂತ್ರ.” ಮೊದಲ ಸಲ ಚೀಟಿಯಲ್ಲಿದ್ದ ಹೆಸರನ್ನೇ ಬರೆದೆ. ಆ ಪದಾರ್ಥವನ್ನು ನೀವೇ ಹೊಸದಾಗಿ ತಯಾರಿಸಿದ್ದಾಗಿ ದಾಖಲೆ ಇದೆ, ಹಳೆಯದು ಅನಗತ್ಯ, ಎಂದು ತಿರಸ್ಕಾರ ಬಂತು. ಅದು ಜಾಣ ಉತ್ತರ. ನನಗೆ ಕೋಪದ ನಡುವೆಯೂ ಮೆಚ್ಚುಗೆಯಾಯಿತು. ಎರಡನೆಯ ಸಲ ಸತ್ಯ ಬರೆದೆ: “ಗೊತ್ತಿಲ್ಲ. ಅದನ್ನು ತಿಳಿಯುವುದಕ್ಕಾಗಿಯೇ ಕೇಳುತ್ತಿದ್ದೇನೆ.” ನಿಮ್ಮ ಕಚೇರಿಯ ಅರ್ಜಿ ಕಿಟಕಿಯಲ್ಲಿ ಕೂರುವ ಹುಡುಗಿ ಅದನ್ನು ಎರಡು ಸಲ ಓದಿ, ತಲೆಯೆತ್ತಿದಳು.

“ಬಾಯ್ಕೆ, ಏನು ಅಂತಾನೇ ಗೊತ್ತಿಲ್ಲದ್ದನ್ನ ನಾನು ಹೇಗೆ ವಾಪಸ್ ಕೊಡ್ಲಿ?”

ಗೊತ್ತಿಲ್ಲದ್ದನ್ನು ಸುಡುವುದಕ್ಕೆ ಆಗುತ್ತಲ್ಲ, ಎಂದೆ.

“ಸುಡೋದಕ್ಕೆ ಬೇರೆ ನಮೂನೆ. ಅದರಲ್ಲಿ ಹೆಸರಿನ ಅಂಕಣ ಇಲ್ಲ,” ಎಂದಳು. ಹಾಸ್ಯಕ್ಕೆ ಹೇಳಿದ್ದಲ್ಲ. ಆಮೇಲೆ ಮೆಲ್ಲಗೆ, “ಏನಾದ್ರೂ ಒಂದು ಹೆಸರು ಬರೀರಿ, ಯಾರು ನೋಡ್ತಾರೆ,” ಎಂದು ಲೇಖನಿಯನ್ನು ನನ್ನ ಕಡೆ ತಳ್ಳಿದಳು. ಒಳ್ಳೆಯ ಹುಡುಗಿ. ಅವಳ ಸಲಹೆ ಕೇಳಬೇಕಿತ್ತು. ಆದರೆ ಒಂದು ತಪ್ಪು ಹೆಸರಿನಿಂದ ಶುರುವಾದ ಕತೆಯನ್ನು ಇನ್ನೊಂದು ತಪ್ಪು ಹೆಸರಿನಿಂದ ಮುಂದುವರಿಸಲು ನನ್ನ ಕೈ ಏಳಲಿಲ್ಲ. ಇದು ಪ್ರಾಮಾಣಿಕತೆಯೋ ಅಹಂಕಾರವೋ ಎಂದು ನಾನು ಬಹಳ ಯೋಚಿಸಿದ್ದೇನೆ. ಮೇರಿಮ್ ಕಣ್ಣೆದುರು ಗಾಜು ತೊಳೆಯುತ್ತಿರುವಾಗ ಅಹಂಕಾರವೇ ಇರಬೇಕು ಅನ್ನಿಸುತ್ತದೆ.

ನಿಮ್ಮನ್ನು ನೋಡಲು ಬಂದ ದಿನ ಹಜಾರದಲ್ಲಿ, ರೋಗ ಓಡಿಸಲೆಂದು ಮನೆಮನೆಯಲ್ಲೂ ಹಾಕುವ ಅಡ್ರಾಶ್ಮಾನ್ ಹೊಗೆಯ ವಾಸನೆ ಇತ್ತು. ಜ್ವರದ ಕಾಲ. ನಿಮ್ಮ ಕಚೇರಿಯ ನೆಲ ಒರೆಸುವ ಹೆಂಗಸು ಹೊಗೆಯಾಡುವ ತಟ್ಟೆ ಹಿಡಿದು ಕೋಣೆಯಿಂದ ಕೋಣೆಗೆ ಹೋಗುತ್ತಿದ್ದಳು. ನಿಮ್ಮ ತಲೆಯ ಸುತ್ತಲೂ ಒಮ್ಮೆ ಆಡಿಸಿದಳು, ನೀವು ಫೋನಿನಲ್ಲಿ ಮಾತಾಡುತ್ತಲೇ ತಲೆ ಬಗ್ಗಿಸಿದಿರಿ. ನಾನೂ ಬಗ್ಗಿಸಿದೆ; ನನ್ನ ತಾಯಿಯೂ ಹಾಗೆ ಮಾಡುತ್ತಿದ್ದಳು. ಹೊಗೆಯಿಂದ ಯಾವ ವೈರಸ್ಸೂ ಸಾಯುವುದಿಲ್ಲ ಎಂದು ಹೇಳುವುದು ನನ್ನ ಕೆಲಸ, ಆದರೆ ಅವತ್ತು ಹೇಳಲಿಲ್ಲ. ಅದೇ ಬೀಜದಿಂದ ಬಂದ ಅಣುವೊಂದು ನಿಮ್ಮ ಉಗ್ರಾಣದಲ್ಲಿ, ಅಂಕಣ ತುಂಬದ ಕಾರಣಕ್ಕೆ, ಬೆಂಕಿಗೆ ಕಾಯುತ್ತಿದೆ. ಹೊಗೆ ಮಾತ್ರ ಯಾವ ನಮೂನೆಯೂ ಇಲ್ಲದೆ ನಿಮ್ಮ ಕೋಣೆಗೆ ಬಂದು ಹೋಗುತ್ತಿದೆ.

ನೀವು ಸಿಡುಕಲಿಲ್ಲ ಎಂಬುದನ್ನೂ ಬರೆಯಬೇಕು. ಕೊನೆಗೆ ನೀವು ಹೇಳಿದ್ದು ಅನುಕಂಪದ ಮಾತು ಎಂದೇ ನಾನು ತೆಗೆದುಕೊಂಡೆ.

“ಬಾಯ್ಕೆ, ನಮ್ಮದು ಸಣ್ಣ ದೇಶ. ಮಾತ್ರೆ ಬೇರೆ ಕಡೆಯಿಂದ ಬರುತ್ತೆ, ನಾವು ನುಂಗ್ತೀವಿ. ನೀವು ಯಾಕೆ ನಿಮ್ಮ ಆರೋಗ್ಯ ಹಾಳು ಮಾಡ್ಕೋತೀರಿ?”

ಮಾತ್ರೆ ಬೇರೆ ಕಡೆಯಿಂದ ಬರುತ್ತದೆ, ನಿಜ. ಬೇರೆ ಕಡೆ ಅದು ಎಲ್ಲಿಂದ ಬರುತ್ತದೆ ಎಂದು ಯೋಚಿಸಿದ್ದೀರಾ? ಅಲ್ಲಿಯೂ ಯಾರೋ ಒಬ್ಬರು ಒಂದು ಸೀಸೆಯನ್ನು ಎಸೆಯದೆ ಇಟ್ಟುಕೊಂಡಿರಬೇಕು. ಅಲ್ಲಿಯೂ ಗಾಜು ತೊಳೆಯುವವಳೊಬ್ಬಳು ಇದು ಅದಲ್ಲ ಎಂದಿರಬೇಕು, ಅದನ್ನು ಯಾರೋ ಕೇಳಿಸಿಕೊಂಡಿರಬೇಕು. ದೇಶ ದೊಡ್ಡದಾಗುವುದು ಬೇರೆ ಹೇಗೆ ಎಂದು ನನಗೆ ತಿಳಿಯದು.

ಈ ಪುಡಿ ಮೇರಿಮ್‌ಳನ್ನು ಉಳಿಸುತ್ತದೆ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಿದ್ದರೆ ಈ ಪತ್ರ ಹೆಚ್ಚು ಪರಿಣಾಮಕಾರಿಯಾಗುತ್ತಿತ್ತು. ತಟ್ಟೆಯ ಕುಳಿಯಲ್ಲಿ ಗೆದ್ದ ಅಣುಗಳಲ್ಲಿ ಹೆಚ್ಚಿನವು ಇಲಿಯಲ್ಲಿ ಸೋಲುತ್ತವೆ, ಇಲಿಯಲ್ಲಿ ಗೆದ್ದವು ಮನುಷ್ಯರಲ್ಲಿ. ಎಲ್ಲ ಸರಿಹೋದರೂ ಹದಿನೈದು ವರ್ಷ ಬೇಕು. ಅವಳೇ ಒಂದು ದಿನ ಅದನ್ನು ಕೇಳಿದಳು, ನಾನು ಸುಳ್ಳು ಹೇಳಲಿಲ್ಲ.

“ಹದಿನೈದಾ?” ಎಂದು ಕೈಯಲ್ಲಿದ್ದ ಗಾಜನ್ನು ಬೆಳಕಿಗೆ ಹಿಡಿದು ನೋಡಿದಳು. “ಹಾಗಾದ್ರೆ ನನಗಲ್ಲ.” ಇನ್ನೊಂದು ಗಾಜು ತೆಗೆದುಕೊಂಡಳು. ಅದನ್ನು ತೊಳೆಯುತ್ತ, “ಪರವಾಗಿಲ್ಲ ಬಿಡಿ. ಯಾರಿಗಾದ್ರೂ ಆಗುತ್ತಲ್ಲ. ನಾನು ತೊಳೆದ ಗಾಜಲ್ಲೇ ಮಾಡಿರ್ತೀರಿ,” ಎಂದಳು. ಆಮೇಲೆ ಕೇಳಿದಳು: “ಪೆಟ್ಟಿಗೆ ಇನ್ನೂ ಇದೆಯಾ ಅಲ್ಲಿ?”

ಇದೆ ಎಂದೆ. ವಾರಕ್ಕೊಮ್ಮೆ ಕೇಳುತ್ತಾಳೆ. ಇದೆ ಎನ್ನುತ್ತೇನೆ. ಏಪ್ರಿಲ್ ಇಪ್ಪತ್ತೆರಡರ ನಂತರ ಏನು ಹೇಳಬೇಕು ಎಂಬುದನ್ನು, ಮಾನ್ಯರೇ, ನಿಮ್ಮ ಸಮಿತಿ ಲಿಖಿತವಾಗಿ ತಿಳಿಸಿದರೆ ನಾನು ಅದನ್ನು ಅವಳಿಗೆ ಓದಿ ಹೇಳಬಲ್ಲೆ. ನನ್ನ ಸ್ವಂತ ಮಾತುಗಳಲ್ಲಿ ಹೇಳಲು ನನ್ನಿಂದ ಆಗದು.

ನನ್ನ ಬೇಡಿಕೆ ಸಣ್ಣದು. ನಾಲ್ಕು ಪೆಟ್ಟಿಗೆ ಬೇಡ, ಒಂದು ಡಬ್ಬಿಯೂ ಬೇಡ. ಎರಡನೆಯ ಪೆಟ್ಟಿಗೆಯಲ್ಲಿರುವ ಇನ್ನೂರ ಹದಿನೇಳು ಅಂಕಿಯ ಸೀಸೆಯೊಂದನ್ನು ಗೂಡಿಗೆ ಕಳಿಸುವ ಪಟ್ಟಿಯಿಂದ ತೆಗೆದು ನಮ್ಮ ಸಂಸ್ಥೆಗೆ ಮರಳಿಸಿ. ನಿಯಮ ಅಡ್ಡ ಬಂದರೆ ನಾಲ್ಕನೆಯ ಅಂಕಣದಲ್ಲಿ “ಇನ್ನೂ ತಿಳಿಯದ್ದು” ಎಂಬ ಉತ್ತರಕ್ಕೂ ಜಾಗ ಮಾಡಿಕೊಡಿ. ಅಷ್ಟು ಮಾಡಿದರೆ ನನ್ನ ಕಸುಬಿಗೆ ನೀವು ಮಾಡುವ ಉಪಕಾರ ಈ ಸೀಸೆಗಿಂತ ದೊಡ್ಡದಾಗುತ್ತದೆ. ಸುಡುವ ಆದೇಶಕ್ಕೆ ನನ್ನ ಸಹಿ ಆಧಾರವಾಗಿದ್ದರೆ, ಈ ಪತ್ರದ ಮೂಲಕ, ಸಾರ್ವಜನಿಕವಾಗಿ, ನಾನು ಆ ಸಹಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಈ ಸಲ ಓದಿಯೇ ಸಹಿ ಮಾಡುತ್ತಿದ್ದೇನೆ.

ಇಂತಿ,
ನಿಮ್ಮ ಕಡತದಲ್ಲಿ ಜಾಮಿನ ಕಲೆಯ ಪಕ್ಕದಲ್ಲಿರುವ ಮೂರನೆಯವನು,
ಅಸಿಲ್‌ಬೆಕ್ ತೊರೊಯೆವ್
ಬಿಷ್ಕೆಕ್

ಪ್ರತಿ: ಶ್ರೀಮತಿ ಎಲ್ಸಾ ಹೈನ್ರಿಖೊವ್ನಾ ವಾರ್ಕೆಂಟಿನ್ ಅವರಿಗೆ. ವಿಳಾಸ ಗೊತ್ತಿಲ್ಲ, ತೊಂಬತ್ತೇಳರ ನಂತರ ನಾನು ಬರೆದ ಕಾಗದಗಳೆಲ್ಲ ಮರಳಿ ಬಂದಿವೆ. ಬಣ್ಣ ಬಂದ ಹರಳನ್ನು ಒಂದು ದಿನವೂ ಕಣ್ಣೆದುರು ಇಟ್ಟುಕೊಂಡವರಲ್ಲ ನೀವು. ನೀವು ಹೊರಡುವ ಮುಂಚೆಯೇ ಇನ್ನೂರ ಹದಿನೇಳರ ಬಿಸಿಲಿನ ಮಗ್ಗುಲು ತುಸು ಹಳದಿಯಾಗಿತ್ತು ಎಂದು ಈಗ ನೆನಪಾಗುತ್ತದೆ. ಹಾಗಿದ್ದೂ ಅದನ್ನು ಕಿಟಕಿಯಲ್ಲಿ ಬಿಟ್ಟು ಹೋದದ್ದು ಮರೆತೋ, ಅಥವಾ ಏನಾಗುತ್ತದೆ ನೋಡೋಣ ಎಂದೋ?